ಒಂದು ದಿರ್ಹಮಿನ ಚಹಾ: ಕೊಲ್ಲಿ ನಾಡಿನಲ್ಲಿ ನಮ್ಮವರ ಜೀವನವೆಚ್ಚದ ಇತಿಹಾಸ

ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಇಗರ್ಜಿಯ ಅಡಿಗಲ್ಲು, ಗಂಟೆಗೋಪುರ, ಸೇವೆ ಸಲ್ಲಿಸಿದ ಗುರುಗಳು, ಕನ್ಯಾಸ್ತ್ರೀಯರು, ಶಾಲೆ ಇವುಗಳ ಚರಿತ್ರೆ ಇರುವುದು ಸಹಜವೂ ಯೋಗ್ಯವೂ ಆಗಿದೆ. ಅವುಗಳ ನಡುವೆ ಒಂದು ಲೋಟ ಚಹಾದ ಬೆಲೆಯ ಚರಿತ್ರೆಗೆ ಏನು ಕೆಲಸವೆಂದು ವಾಚಕರು ಕೇಳಿಯಾರು. ಆದರೆ ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ಕೊಲ್ಲಿ ದೇಶಗಳಿಗೆ ಒಬ್ಬರನ್ನೂ ಕಳುಹಿಸದ ಕುಟುಂಬಗಳು ವಿರಳ. ಇಂತಹ ಸಂಚಿಕೆಗಳ ದಾನಿಗಳ ಪಟ್ಟಿಯನ್ನು ತೆರೆದು ನೋಡಿದರೆ ಕುವೈತ್, ದುಬೈ, ಬಹರೈನ್, ಮಸ್ಕತ್ ಎಂಬ ಹೆಸರುಗಳು ನಮ್ಮ ವಾಡೆಗಳ ಹೆಸರಿನಷ್ಟೇ ಸಲೀಸಾಗಿ ಕಣ್ಣಿಗೆ ಬೀಳುತ್ತವೆ. ಆ ಹಣ ಊರಿಗೆ ಬಂದಿಳಿಯುವುದು ರೂಪಾಯಿಯ ರೂಪದಲ್ಲಿ. ನಾವು ಅದನ್ನು ಎಣಿಸುವುದೂ ರೂಪಾಯಿಯಲ್ಲಿ. ಅಲ್ಲಿ ಅದನ್ನು ಹೇಗೆ ಉಳಿಸಿದರು, ಉಳಿಸಲು ಏನನ್ನು ಬಿಟ್ಟರು ಎಂಬ ಲೆಕ್ಕ ಮಾತ್ರ ಯಾವ ವರದಿಯಲ್ಲಿಯೂ ಅಚ್ಚಾಗುವುದಿಲ್ಲ. ಆ ಲೆಕ್ಕವನ್ನು ತಿಳಿಯಲು ನಾವು ಚಿನ್ನದ ಬೆಲೆಯನ್ನಾಗಲಿ ಎಣ್ಣೆಯ ಬೆಲೆಯನ್ನಾಗಲಿ ಅಳತೆಗೋಲಾಗಿ ಹಿಡಿಯದೆ, ದುಡಿಯುವವನು ದಿನಾಲೂ ಕೈಯಿಂದ ಕೊಟ್ಟು ಕೊಳ್ಳುವ ಪಾನೀಯಗಳ ಬೆಲೆಯನ್ನು ಹಿಡಿದಿದ್ದೇವೆ.

ಆ ನಾಡಿಗೆ ಮೊದಲು ಹೋದವರು ಬೆಲೆ ಕೊಟ್ಟು ಕುಡಿದದ್ದು ಚಹಾವನ್ನಲ್ಲ, ನೀರನ್ನು. ಅಂಗಳದ ಬಾವಿಯಿಂದ ಕೊಡ ಸೇದಿ ಕುಡಿದು ಬೆಳೆದ ನಮ್ಮವರಿಗೆ ಇದೊಂದು ಆಶ್ಚರ್ಯವೇ ಆಗಿದ್ದಿರಬೇಕು. ಕುವೈತಿಗೆ ಕುಡಿಯುವ ನೀರು ಬಹುಕಾಲ ಶತ್ ಅಲ್ ಅರಬ್ ನದಿಯಿಂದ ಹಾಯಿದೋಣಿಗಳಲ್ಲಿ ಬರುತ್ತಿತ್ತು. ಸಮುದ್ರದ ನೀರನ್ನು ಭಟ್ಟಿ ಇಳಿಸಿ ಸಿಹಿಯಾಗಿಸುವ ಸರಕಾರಿ ಸ್ಥಾವರವು ಶುವೈಖ್‌ನಲ್ಲಿ ಕೆಲಸಕ್ಕೆ ತೊಡಗಿದ್ದು 1953ರಲ್ಲಿ. ನೆಲದಡಿಯಲ್ಲಿ ಎಣ್ಣೆ ಹರಿಯುತ್ತಿದ್ದ ಊರಿನಲ್ಲಿ ಗುಟುಕು ನೀರಿಗೆ ಪರದೇಶದ ನದಿಯನ್ನು ಕಾಯಬೇಕಾಗಿತ್ತು.

ಬಹರೈನಿನಲ್ಲಿ ಎಣ್ಣೆ ದೊರೆತದ್ದು 1932ರಲ್ಲಿ. ಕುವೈತಿನಲ್ಲಿ ಅದು 1938ರಲ್ಲಿಯೇ ದೊರೆತರೂ ಮಹಾಯುದ್ಧದ ಕಾರಣದಿಂದ ಮೊದಲ ಹಡಗು ಎಣ್ಣೆ ತುಂಬಿಕೊಂಡು ಹೊರಟದ್ದು 1946ರಲ್ಲಿ. ಎಣ್ಣೆ ಕಂಪೆನಿಗಳಿಗೆ ಇಂಗ್ಲಿಷ್ ಬಲ್ಲ ಗುಮಾಸ್ತರು, ಟೈಪಿಸ್ಟರು, ಲೆಕ್ಕಿಗರು, ಮೆಕ್ಯಾನಿಕರು, ಅಡುಗೆಯವರು, ಆಸ್ಪತ್ರೆಗಳಿಗೆ ದಾದಿಯರು ಬೇಕಾಗಿದ್ದರು. ಬೊಂಬಾಯಿಯಲ್ಲಿ ಆಗಲೇ ನೆಲೆ ಕಂಡುಕೊಂಡಿದ್ದ ಗೋವೆಯ ಹಾಗೂ ಮಂಗಳೂರು ಕಡೆಯ ಕಥೊಲಿಕರು ಅಲ್ಲಿಂದಲೇ ಹಡಗು ಹತ್ತಿದರು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪೆನಿಯ ದುಮ್ರಾ, ದಾರಾ, ದರೇಸ್ಸಾ, ದ್ವಾರಕಾ ಎಂಬ ಹಡಗುಗಳು ಬೊಂಬಾಯಿಯಿಂದ ಕರಾಚಿ, ಮಸ್ಕತ್, ದುಬೈ, ಬಹರೈನ್, ಕುವೈತ್‌ಗಳ ಮಾರ್ಗದಲ್ಲಿ ಓಡಾಡುತ್ತಿದ್ದವು. ಅವುಗಳಲ್ಲಿ ದಾರಾ ಹಡಗು 1961ರ ಏಪ್ರಿಲ್ 8ರಂದು ದುಬೈ ಸಮೀಪದಲ್ಲಿ ಸ್ಫೋಟಕ್ಕೆ ಸಿಕ್ಕಿ 238 ಮಂದಿ ಪ್ರಾಣ ಕಳೆದುಕೊಂಡರು. ದ್ವಾರಕಾ 1982ರವರೆಗೂ ಓಡಿತು. ವಿಮಾನದ ಕಾಲದಲ್ಲಿ ಹುಟ್ಟಿದ ತರುಣರು ಈ ಹೆಸರುಗಳನ್ನು ಒಮ್ಮೆಯಾದರೂ ಕೇಳಿರಲಿ ಎಂಬ ಕಾರಣಕ್ಕೆ ಇಲ್ಲಿ ಬರೆದಿದ್ದೇವೆ.

ಆ ಕಾಲದಲ್ಲಿ ಹೋದವರಿಗೆ ಒಂದು ಸೌಕರ್ಯವಿತ್ತು. ಅದನ್ನು ಇಂದಿನವರು ನಂಬುವುದು ಕಷ್ಟ. ಅಲ್ಲಿ ನಡೆಯುತ್ತಿದ್ದುದು ನಮ್ಮದೇ ರೂಪಾಯಿ. ಕುವೈತ್, ಬಹರೈನ್, ಕತಾರ್, ದುಬೈ, ಅಬುಧಾಬಿ, ಮಸ್ಕತ್ ಎಲ್ಲೆಡೆಯೂ ಸಂಬಳ ರೂಪಾಯಿಯಲ್ಲಿ, ಅಂಗಡಿಯ ಲೆಕ್ಕ ರೂಪಾಯಿ-ಆಣೆಗಳಲ್ಲಿ. ಚಹಾಕ್ಕೆ ಕೊಟ್ಟ ಆಣೆಯೂ ಊರಿನ ಹೊಟೇಲಿನಲ್ಲಿ ಕೊಡುತ್ತಿದ್ದ ಆಣೆಯೂ ಒಂದೇ ಟಂಕಸಾಲೆಯದು. ಬೆಲೆ ಹೆಚ್ಚೋ ಕಡಿಮೆಯೋ ಎಂಬುದನ್ನು ತಿಳಿಯಲು ಗುಣಾಕಾರದ ಅಗತ್ಯವಿರಲಿಲ್ಲ.

ಈ ಏಕತೆಗೆ ಕುತ್ತು ತಂದದ್ದು ಚಿನ್ನ. ನಮ್ಮ ದೇಶದಲ್ಲಿ ಚಿನ್ನದ ಆಮದಿಗೆ ನಿರ್ಬಂಧವಿದ್ದುದರಿಂದ ಕಳ್ಳಸಾಗಣೆದಾರರು ಅಲ್ಲಿ ಚಿನ್ನ ಕೊಂಡು ಇಲ್ಲಿಗೆ ತಂದರು. ಅದಕ್ಕೆ ಬೆಲೆಯಾಗಿ ರೂಪಾಯಿಯ ನೋಟುಗಳು ಕೊಲ್ಲಿಗೆ ಹೋದವು. ಆ ನೋಟುಗಳು ಬ್ಯಾಂಕಿನ ಮೂಲಕ ಮರಳಿದಾಗ ಭಾರತವು ವಿದೇಶಿ ವಿನಿಮಯವನ್ನು ಕೊಡಬೇಕಾಯಿತು. ಆದುದರಿಂದ 1959ರಲ್ಲಿ ರಿಸರ್ವ್ ಬ್ಯಾಂಕಿನ ಕಾನೂನಿಗೆ ತಿದ್ದುಪಡಿ ಮಾಡಿ, ಕೊಲ್ಲಿಯಲ್ಲಿ ಮಾತ್ರ ನಡೆಯುವ ಬೇರೆಯೇ ನೋಟುಗಳನ್ನು ಹೊರಡಿಸಲಾಯಿತು. ಬಣ್ಣ ಬೇರೆ, ಸಂಖ್ಯೆಯ ಮುಂದೆ ‘ಝಡ್’ ಅಕ್ಷರ. ಜನರು ಅದನ್ನು ಗಲ್ಫ್ ರೂಪಾಯಿ ಎಂದರು. ಬೆಲೆಯಲ್ಲಿ ಅದು ಊರಿನ ರೂಪಾಯಿಗೆ ಸಮವಾಗಿದ್ದರೂ ಊರಿನ ಅಂಗಡಿಯಲ್ಲಿ ನಡೆಯುತ್ತಿರಲಿಲ್ಲ.

ಕುವೈತ್ ಈ ನಂಟನ್ನು ಮೊದಲು ಕಡಿದುಕೊಂಡಿತು. 1961ರ ಏಪ್ರಿಲ್ 1ರಂದು ಅಲ್ಲಿ ದಿನಾರ್ ಬಂದಿತು. 13 ರೂಪಾಯಿ ಮತ್ತು ಮೂರನೆಯ ಒಂದಂಶಕ್ಕೆ ಒಂದು ದಿನಾರ್. 400 ರೂಪಾಯಿ ಸಂಬಳದವನು ಒಂದು ಬೆಳಿಗ್ಗೆ ಎದ್ದಾಗ 30 ದಿನಾರಿನವನಾಗಿದ್ದನು. ಬಹರೈನ್ 1965ರಲ್ಲಿ ಹತ್ತು ರೂಪಾಯಿಗೆ ಒಂದರಂತೆ ತನ್ನ ದಿನಾರನ್ನು ತಂದಿತು. ಅಲ್ಲಿ ಅದೇ 400 ರೂಪಾಯಿ 40 ದಿನಾರ್ ಆಯಿತು. ಆ ಬಳಿಕ 1966ರ ಜೂನ್ 6ರಂದು ಭಾರತ ಸರಕಾರವು ರೂಪಾಯಿಯ ಅಪಮೌಲ್ಯ ಮಾಡಿತು. ಡಾಲರಿಗೆ 4 ರೂಪಾಯಿ 76 ಪೈಸೆ ಇದ್ದದ್ದು ಏಳೂವರೆ ರೂಪಾಯಿಗೆ ಇಳಿಯಿತು. ಕತಾರ್ ಮತ್ತು ದುಬೈ ಕೂಡಲೇ ರೂಪಾಯಿಯನ್ನು ಕೈಬಿಟ್ಟು, ಅದೇ ವರ್ಷ ಸೆಪ್ಟೆಂಬರಿನಲ್ಲಿ ತಮ್ಮ ರಿಯಾಲನ್ನು ಚಲಾವಣೆಗೆ ತಂದವು. ಅಬುಧಾಬಿ ಬಹರೈನಿನ ದಿನಾರನ್ನು ಹಿಡಿಯಿತು. ಒಮಾನ್ ಮಾತ್ರ 1970ರ ತನಕ ಗಲ್ಫ್ ರೂಪಾಯಿಯನ್ನು ಬಿಡಲಿಲ್ಲ.

ಈ ಘಟನೆಯ ಅರ್ಥವನ್ನು ಒಂದು ಲೆಕ್ಕದಿಂದ ನೋಡೋಣ. ಕುವೈತಿನಲ್ಲಿ 30 ದಿನಾರ್ ಪಡೆಯುತ್ತಿದ್ದವನ ಸಂಬಳವು ಜೂನ್ 5ರಂದು 400 ರೂಪಾಯಿ. ಜೂನ್ 6ರಂದು 630 ರೂಪಾಯಿ. ಬಹರೈನಿನ 40 ದಿನಾರಿನವನದೂ ಅಷ್ಟೇ ಆಯಿತು. ಯಾವ ಯಜಮಾನನೂ ಬಡ್ತಿ ಕೊಟ್ಟಿರಲಿಲ್ಲ, ಕೆಲಸದಲ್ಲಿ ಒಂದು ತಾಸು ಹೆಚ್ಚಾಗಿರಲಿಲ್ಲ. ಊರಿನಲ್ಲಿದ್ದ ತಾಯಿತಂದೆಯರಿಗೆ ಮಗನ ಸಂಬಳ ಒಂದೂವರೆಪಟ್ಟು ಏರಿದಂತೆ ಕಂಡಿತು. ಊರು ಬಡವಾದಷ್ಟೂ ಮಗ ಸಿರಿವಂತನಾಗಿ ಕಾಣುವ ಈ ವಿಚಿತ್ರ ಗಣಿತವು ಆ ದಿನ ಆರಂಭವಾಗಿ ಇಂದಿನವರೆಗೂ ನಡೆದುಬಂದಿದೆ.

1971ರ ಡಿಸೆಂಬರ್ 2ರಂದು ಸಂಯುಕ್ತ ಅರಬ್ ಸಂಸ್ಥಾನಗಳು ಉದಯಿಸಿದವು. 1973ರ ಮೇ 19ರಂದು ದಿರ್ಹಮ್ ಚಲಾವಣೆಗೆ ಬಂದಿತು. ಅದೇ ವರ್ಷದ ಕೊನೆಗೆ ಎಣ್ಣೆಯ ಬೆಲೆ ಬ್ಯಾರೆಲಿಗೆ ಸುಮಾರು ಮೂರು ಡಾಲರಿನಿಂದ ಹನ್ನೆರಡರ ಸಮೀಪಕ್ಕೆ ಜಿಗಿಯಿತು. ಮುಂದಿನದು ಎಲ್ಲರಿಗೂ ತಿಳಿದ ಕಥೆ. ಮುಂಬಯಿಯ ಏಜೆಂಟರ ಬಾಗಿಲಲ್ಲಿ ಸರತಿ, ನೀಲಿ ಏರೋಗ್ರಾಮುಗಳು, ರಿಜಿಸ್ಟರ್ಡ್ ಲಕೋಟೆಯಲ್ಲಿ ಬರುತ್ತಿದ್ದ ಬ್ಯಾಂಕ್ ಡ್ರಾಫ್ಟು. ರಜೆಗೆ ಬಂದವರ ಪೆಟ್ಟಿಗೆಯಲ್ಲಿ ಟ್ಯಾಂಗ್ ಕಿತ್ತಳೆ ಪುಡಿ, ನೀಡೋ ಹಾಲಿನ ಡಬ್ಬಿ, ನೆಸ್‌ಕೆಫೆ. ಟ್ಯಾಂಗ್ ಪುಡಿಯನ್ನು ಗಾಜಿನ ಕಪಾಟಿನಲ್ಲಿಟ್ಟು, ಪಾದ್ರಿಗಳೋ ಬೀಗರೋ ಬಂದಾಗ ಮಾತ್ರ ತಣ್ಣೀರಿನಲ್ಲಿ ಕರಗಿಸಿಕೊಟ್ಟ ಮನೆಗಳು ನಮ್ಮಲ್ಲಿ ಬಹಳವಿದ್ದವು. ನೀಡೋ ಡಬ್ಬಿ ಖಾಲಿಯಾದ ಮೇಲೂ ಅಕ್ಕಿ ಅಳೆಯಲು, ಮೆಣಸು ತುಂಬಿಡಲು ಅಡುಗೆಮನೆಯಲ್ಲಿ ವರ್ಷಾನುಗಟ್ಟಲೆ ಸೇವೆ ಸಲ್ಲಿಸಿತು.

ಪೆಪ್ಸಿಯ ಮಾತನ್ನೂ ಇಲ್ಲಿಯೇ ಹೇಳಬೇಕು. ಇಸ್ರೇಲಿನಲ್ಲಿ ವ್ಯಾಪಾರ ಮಾಡಿತೆಂಬ ಕಾರಣಕ್ಕೆ ಅರಬ್ ಒಕ್ಕೂಟವು ಕೋಕಾಕೋಲಾವನ್ನು 1968ರಿಂದ 1991ರವರೆಗೆ ಬಹಿಷ್ಕರಿಸಿತ್ತು. ಆದುದರಿಂದ ಆ ನಾಡುಗಳಲ್ಲಿ ತಂಪು ಪಾನೀಯವೆಂದರೆ ಪೆಪ್ಸಿ ಎಂದೇ ಆಯಿತು. ಇತ್ತ ನಮ್ಮ ದೇಶದಿಂದ ಕೋಕಾಕೋಲಾ 1977ರಲ್ಲಿ ಹೊರನಡೆಯಿತು. ಪೆಪ್ಸಿ ಇಲ್ಲಿಗೆ ಬಂದದ್ದು 1990ರಲ್ಲಿ. ನಡುವಿನ ವರ್ಷಗಳಲ್ಲಿ ಪೆಪ್ಸಿಯ ಡಬ್ಬಿಯ ಮುಚ್ಚಳವನ್ನು ‘ಟಪ್’ ಎಂದು ತೆರೆದ ಅನುಭವ ನಮ್ಮಲ್ಲಿ ಗಲ್ಫಿಗೆ ಹೋಗಿ ಬಂದವರಿಗೆ ಮಾತ್ರ ಇತ್ತು. ಮರಳುಗಾಡಿನ ಬಿಸಿಲಿನಲ್ಲಿ ಕೆಲಸ ಮುಗಿಸಿದವನಿಗೆ ಅದು ವಿಲಾಸವಲ್ಲ, ದಣಿವಾರಿಸಿಕೊಳ್ಳುವ ಅಗ್ಗದ ದಾರಿ. ದುಬೈಯಲ್ಲಿ ಅದರ ಬೆಲೆ ಒಂದು ದಿರ್ಹಮ್. ಸೌದಿಯಲ್ಲಿ ಒಂದು ರಿಯಾಲ್. ಒಂದು ನಾಣ್ಯ ಕೊಟ್ಟರೆ ಒಂದು ಡಬ್ಬಿ. ಈ ಬೆಲೆಯು ಎಮಿರೇಟುಗಳಲ್ಲಿ ಸುಮಾರು ಎರಡು ದಶಕಗಳ ಕಾಲ ಕದಲಲಿಲ್ಲ. ಸೌದಿಯಲ್ಲಿ ಅದಕ್ಕಿಂತಲೂ ಹೆಚ್ಚು.

ಚಹಾದ ಕಥೆಯೂ ಹೀಗೆಯೇ. ಇಂದು ಅರಬರು ತಮ್ಮದೇ ಪಾನೀಯವೆಂದು ಹೆಮ್ಮೆಯಿಂದ ಕುಡಿಯುವ ‘ಕರಕ್’ ಎಂಬುದು ನಮ್ಮ ‘ಕಡಕ್’ ಚಹಾವೇ ಹೊರತು ಬೇರೆಯಲ್ಲ. ಅರಬಿ ನಾಲಗೆಯಲ್ಲಿ ಡಕಾರ ರಕಾರವಾಯಿತು. ಚಹಾಪುಡಿಯನ್ನು ಚೆನ್ನಾಗಿ ಕುದಿಸಿ, ಏಲಕ್ಕಿ ಹಾಕಿ, ಹಸಿ ಹಾಲಿನ ಬದಲು ಡಬ್ಬಿಯ ಗಟ್ಟಿ ಹಾಲನ್ನು ಬೆರೆಸುವುದು ಅದರ ಕ್ರಮ. ಮರುಭೂಮಿಯಲ್ಲಿ ಹಸುವಿನ ಹಾಲಿಗಿಂತ ಡಬ್ಬಿಯ ಹಾಲು ಸುಲಭವಾಗಿ ಸಿಗುತ್ತಿದ್ದುದರಿಂದ ಈ ರುಚಿ ಹುಟ್ಟಿತು. ಅದನ್ನು ಕಾಸುವ ಕೆಫೆಟೇರಿಯಗಳನ್ನು ನಡೆಸಿದವರು ಬಹುಪಾಲು ಮಲಬಾರಿನವರು. ಮೊದಲು 50 ಫಿಲ್ಸಿಗೆ ಸಿಗುತ್ತಿದ್ದ ಲೋಟವು ಒಂದು ದಿರ್ಹಮಿಗೆ ಏರಿದ ಮೇಲೆ ಅಲ್ಲಿಯೇ ಬಹುಕಾಲ ನಿಂತುಬಿಟ್ಟಿತು. ಊರಿನಲ್ಲಿ ಪೈಸೆಗಳಲ್ಲಿ ಎಣಿಸುತ್ತಿದ್ದ ಚಹಾವು ರೂಪಾಯಿಗೆ, ಐದಕ್ಕೆ, ಹತ್ತಕ್ಕೆ ಏರುತ್ತಿದ್ದಾಗ ಅಲ್ಲಿ ಅದೇ ಒಂದು ನಾಣ್ಯ.

ಬೆಲೆ ಇಷ್ಟು ಕಾಲ ನಿಂತದ್ದು ಹೇಗೆ? ದಿರ್ಹಮನ್ನು 1980ರಿಂದೀಚೆಗೆ ಡಾಲರಿಗೆ ಸುಮಾರು 3.67ರಂತೆ ಕಟ್ಟಿಹಾಕಿದ್ದು ಒಂದು ಕಾರಣ. ಗಿರಾಕಿಯ ಕೈಯಲ್ಲಿ ಒಂದೇ ನಾಣ್ಯವಿರುವಾಗ ಅದರ ಮೇಲೆ ಹತ್ತು ಫಿಲ್ಸ್ ಕೇಳುವುದು ವ್ಯಾಪಾರಿಗೂ ಕಿರಿಕಿರಿಯೇ. ಅದಕ್ಕಿಂತ ಲೋಟವನ್ನು ತುಸು ಕಿರಿದು ಮಾಡುವುದು ಸುಲಭ. ಆದರೆ ಮುಖ್ಯ ಕಾರಣ ಬೇರೆ ಇದೆ. ಚಹಾದ ಬೆಲೆಯಲ್ಲಿ ಸಕ್ಕರೆ, ಪುಡಿ, ಹಾಲು ಇವುಗಳಿಗಿಂತ ದೊಡ್ಡ ಪಾಲು ಕಾಸುವವನ ಕೂಲಿ ಮತ್ತು ಅಂಗಡಿಯ ಬಾಡಿಗೆ. ಬಾಡಿಗೆ ಏರಿತು. ಹಾಗಿದ್ದೂ ಚಹಾ ಏರಲಿಲ್ಲವೆಂದರೆ ಕೂಲಿ ಏರಲಿಲ್ಲವೆಂದೇ ತಿಳಿಯಬೇಕು. ಒಂದು ದಿರ್ಹಮಿನ ಚಹಾವನ್ನು ಅಗ್ಗವೆಂದು ಕುಡಿದವನೂ ಪರದೇಶಿ, ಅದನ್ನು ಕಾಸಿ ಕೊಟ್ಟವನೂ ಪರದೇಶಿ. ಕುಡಿದವನ ಸಂಬಳ ನಿಂತಲ್ಲೇ ನಿಂತಿದ್ದುದಕ್ಕೆ ಕಾಸಿದವನ ನಿಂತ ಸಂಬಳ ಆಸರೆ ಕೊಟ್ಟಿತ್ತು.

ಹಾಗಾದರೆ ನಮ್ಮವರು ಮುಂದೆ ಬಂದದ್ದು ಸುಳ್ಳೇ? ಸುಳ್ಳಲ್ಲ, ಆದರೆ ಅವರನ್ನು ಎತ್ತಿದ್ದು ಬಹುಮಟ್ಟಿಗೆ ರೂಪಾಯಿಯ ಇಳಿತ. 1,000 ದಿರ್ಹಮ್ ಮನೆಗೆ ಕಳುಹಿಸುತ್ತಿದ್ದ ಒಬ್ಬನನ್ನು ಊಹಿಸಿಕೊಳ್ಳಿ. 1980ರಲ್ಲಿ ಅದು ಸುಮಾರು 2,100 ರೂಪಾಯಿ. 1990ರಲ್ಲಿ 4,700. 1991ರ ಜುಲೈ ತಿಂಗಳ ಅಪಮೌಲ್ಯದ ನಂತರ ಏಳು ಸಾವಿರ. 2000ದಲ್ಲಿ 12,000 ದಾಟಿತು. ಅವನು ಕಳುಹಿಸಿದ್ದು ಪ್ರತಿಸಲವೂ ಅದೇ 1,000 ದಿರ್ಹಮ್. ಇಲ್ಲಿ ಅಷ್ಟೇ ವೇಗದಲ್ಲಿ ಕೆಂಪು ಕಲ್ಲು, ಮರ, ಸಿಮೆಂಟು, ಮದುವೆಯ ಖರ್ಚು, ಕಾಲೇಜಿನ ಫೀಸು ಏರುತ್ತಿದ್ದವು. ಏರಿದ ರೂಪಾಯಿಯ ಬಹುಪಾಲನ್ನು ಏರಿದ ಬೆಲೆಗಳೇ ನುಂಗಿದವು.

ಇದೇ ಇಳಿತವು ಅವನ ದಿನನಿತ್ಯದ ಬದುಕಿನಲ್ಲಿ ಇನ್ನೊಂದು ರೀತಿಯಿಂದ ಕಾಡಿತು. ಹೊಸದಾಗಿ ಹೋದ ಯಾವನೂ ದಿರ್ಹಮನ್ನು ದಿರ್ಹಮೆಂದು ನೋಡಲಾರ, ಕೂಡಲೇ ಗುಣಿಸುತ್ತಾನೆ. ಪೆಪ್ಸಿಯ ಡಬ್ಬಿಯು 1992ರಲ್ಲಿ ಗುಣಿಸಿದವನಿಗೆ ಏಳೆಂಟು ರೂಪಾಯಿ. 2000ದಲ್ಲಿ ಗುಣಿಸಿದವನಿಗೆ 12 ರೂಪಾಯಿ. ದಿನಕ್ಕೆ ಎರಡು ಲೋಟ ಚಹಾವೆಂದರೆ ತಿಂಗಳಿಗೆ 60 ದಿರ್ಹಮ್, ಅಂದರೆ 700 ರೂಪಾಯಿಗೂ ಮೇಲೆ. ಊರಿನಲ್ಲಿ ಆ ಹಣಕ್ಕೆ ತಂಗಿಯ ಒಂದು ತಿಂಗಳ ಹಾಸ್ಟೆಲ್ ಖರ್ಚು ಸಾಗುತ್ತಿತ್ತು ಎಂಬ ಯೋಚನೆ ಬಂದರೆ ಲೋಟ ಗಂಟಲಿಗೆ ಇಳಿಯುವುದಿಲ್ಲ. ಅಂಗಡಿಯಲ್ಲಿ ಬೆಲೆ ನಿಂತಿದ್ದರೂ ಮನಸ್ಸಿನಲ್ಲಿ ಬೆಲೆ ಏರುತ್ತಲೇ ಹೋಯಿತು. ಕೋಣೆಯಲ್ಲಿ ಸ್ಟವ್ ಹಚ್ಚಿ ತಾವೇ ಚಹಾ ಕಾಸಿ ಫ್ಲಾಸ್ಕಿನಲ್ಲಿ ಕೆಲಸಕ್ಕೆ ಒಯ್ದವರು, ಊಟಕ್ಕೆ ಮೆಸ್ ಕಟ್ಟಿಕೊಂಡವರು, ಒಂದು ಕೋಣೆಯಲ್ಲಿ ಆರೆಂಟು ಮಂದಿ ‘ಬೆಡ್ ಸ್ಪೇಸ್’ ಹಿಡಿದು ಮಲಗಿದವರು, ಇವರೆಲ್ಲರೂ ಈ ಗುಣಾಕಾರದ ಮಕ್ಕಳು. ತಪಸ್ಸುಕಾಲದಲ್ಲಿ ನಲವತ್ತು ದಿನ ಚಹಾ ಬಿಡುವ ಭಕ್ತರನ್ನು ನಾವು ಮೆಚ್ಚುತ್ತೇವೆ. ಮನೆಯ ಸಾಲ ತೀರುವವರೆಗೆ ಬಿಟ್ಟವರನ್ನು ಯಾರೂ ಲೆಕ್ಕವಿಟ್ಟಿಲ್ಲ.

ಕುವೈತಿನವರಿಗೆ ಬಂದ ಆಪತ್ತು ಬೇರೆಯೇ ತೆರನಾದದ್ದು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಒಳನುಗ್ಗಿದ ಮೇಲೆ ಅದುವರೆಗೆ ಜಗತ್ತಿನಲ್ಲಿಯೇ ಅತಿ ಬೆಲೆಯುಳ್ಳ ನಾಣ್ಯಗಳಲ್ಲಿ ಒಂದಾಗಿದ್ದ ಕುವೈತಿ ದಿನಾರನ್ನು ಇರಾಕಿ ದಿನಾರಿಗೆ ಸಮವೆಂದು ಘೋಷಿಸಲಾಯಿತು. ವರ್ಷಗಳ ಉಳಿತಾಯ ಒಂದು ಅಪ್ಪಣೆಯಿಂದ ಕಾಗದವಾಯಿತು. ಅಲ್ಲಿದ್ದ ಭಾರತೀಯರಲ್ಲಿ ಒಂದು ಲಕ್ಷಕ್ಕೂ ಮೀರಿದ ಜನರನ್ನು ಜೋರ್ಡಾನಿನ ಅಮ್ಮಾನ್ ನಗರದಿಂದ ವಿಮಾನಗಳಲ್ಲಿ ತರಲಾಯಿತು. ಚಹಾದ ಬೆಲೆಯ ಮಾತನ್ನು ಆ ದಿನಗಳಿಗೆ ಅನ್ವಯಿಸುವುದು ಸರಿಯಲ್ಲ. ಆಗ ಮರುಭೂಮಿಯ ದಾರಿಯಲ್ಲಿ ನೀರೇ ಮತ್ತೆ ಎಲ್ಲಕ್ಕಿಂತ ದೊಡ್ಡದಾಯಿತು.

ನಿಜವಾದ ಬೆಲೆ ಏರಿಕೆಯ ಕಾಲವೆಂದು ನಾವು ಗುರುತಿಸುವುದು 2004ರಿಂದ 2008ರವರೆಗಿನ ವರ್ಷಗಳನ್ನು. ಇದು ದುಬೈಯಲ್ಲಿ ಗೋಪುರಗಳು ಏಳುತ್ತಿದ್ದ ಕಾಲ, ನಮ್ಮ ಊರಿನಿಂದ ನೇರವಾಗಿ ದುಬೈಗೆ ವಿಮಾನ ಹಾರತೊಡಗಿದ ಕಾಲ. ಕೆಲಸಕ್ಕೆ ಬರುವವರ ಸಂಖ್ಯೆ ಏರಿದಂತೆ ವಸತಿಗೆ ಕೊರತೆಯಾಗಿ ಬಾಡಿಗೆಗಳು ಹುಚ್ಚೆದ್ದವು. 2005ರ ನವೆಂಬರಿನಲ್ಲಿ ದುಬೈಯ ಆಡಳಿತವು ವರ್ಷಕ್ಕೆ ಶೇಕಡಾ 15ಕ್ಕಿಂತ ಹೆಚ್ಚು ಬಾಡಿಗೆ ಏರಿಸಬಾರದೆಂದು ಕಟ್ಟಳೆ ಮಾಡಿತು. 2007ರಲ್ಲಿ ಈ ಮಿತಿಯನ್ನು 7ಕ್ಕೆ ಇಳಿಸಿತು. ಕಟ್ಟಳೆಯೇ ಇಷ್ಟಕ್ಕೆ ಒಪ್ಪಿಗೆ ಕೊಟ್ಟಿತೆಂದ ಮೇಲೆ ಅದಕ್ಕೆ ಮುಂಚೆ ಏನು ನಡೆಯುತ್ತಿತ್ತೆಂಬುದನ್ನು ಊಹಿಸಬಹುದು. ಸಂಸಾರಸ್ಥರು ಅಗ್ಗದ ಮನೆಯನ್ನು ಅರಸಿ ಶಾರ್ಜಾಕ್ಕೆ, ಅಜ್ಮಾನಿಗೆ ಸರಿದರು. ಬೆಳಿಗ್ಗೆ ಸಂಜೆ ವಾಹನಗಳ ಸಾಲಿನಲ್ಲಿ ಗಂಟೆಗಟ್ಟಲೆ ಕುಳಿತರು. 2007ರ ಜುಲೈ 1ರಿಂದ ರಸ್ತೆ ಸುಂಕ ಬಂದಿತು. ಸುಂಕದ ಕಮಾನಿನ ಕೆಳಗೆ ಒಮ್ಮೆ ಹಾದರೆ 4 ದಿರ್ಹಮ್, ಅಂದರೆ ನಾಲ್ಕು ಲೋಟ ಚಹಾ.

ಇದರ ಜೊತೆಗೆ ರೂಪಾಯಿಯು, ಎಂದೂ ಇಲ್ಲದಂತೆ, ಬಲಗೊಂಡಿತು. 2007ರ ಕೊನೆ ಹಾಗೂ 2008ರ ಆರಂಭದಲ್ಲಿ ಡಾಲರಿಗೆ 39 ರೂಪಾಯಿಯ ಆಸುಪಾಸು. ದಿರ್ಹಮಿಗೆ ಹತ್ತು ಮುಕ್ಕಾಲು ರೂಪಾಯಿಗೂ ಬರಲಿಲ್ಲ. 2000ದಲ್ಲಿ 12 ಸಾವಿರವಾಗಿದ್ದ ಅದೇ 1,000 ದಿರ್ಹಮ್ ಎಂಟು ವರ್ಷಗಳ ಬಳಿಕ 10,700 ಆಯಿತು. ಬೆಲೆಗಳು ವರ್ಷಕ್ಕೆ ಶೇಕಡಾ ಹತ್ತಕ್ಕೂ ಮೇಲೆ ಏರುತ್ತಿದ್ದ ನಾಡಿನಲ್ಲಿ ಸಂಬಳ ಕುಗ್ಗಿದಂತಾಯಿತು. ಊರಿನಲ್ಲಿ ‘ಈಚೆಗೆ ಕಡಿಮೆ ಕಳುಹಿಸುತ್ತಾನೆ, ಹೆಂಡತಿ ಹೋದ ಮೇಲೆ ಮರೆತ’ ಎಂದು ಆಡಿಕೊಂಡವರು ಉಂಟು. ಆ ಮಾತು ಎಷ್ಟೋ ಮನೆಗಳಲ್ಲಿ ಅಣ್ಣತಮ್ಮಂದಿರ ನಡುವೆ ಬಿರುಕು ತಂದದ್ದನ್ನು ನಾವು ಕಂಡಿದ್ದೇವೆ. 2007ರ ಅಕ್ಟೋಬರಿನಲ್ಲಿ ದುಬೈಯ ಕಟ್ಟಡ ಕಾರ್ಮಿಕರು, ಮುಷ್ಕರಕ್ಕೆ ಅನುಮತಿಯೇ ಇಲ್ಲದ ನಾಡಿನಲ್ಲಿ, ಕೂಲಿ ಹೆಚ್ಚಿಸಿರೆಂದು ಕೆಲಸ ನಿಲ್ಲಿಸಿದರು. ಇದಕ್ಕೆ ಮೇಲಾಗಿ 2008ರ ಏಪ್ರಿಲಿನಲ್ಲಿ ಭಾರತವು ಬಾಸ್ಮತಿಯಲ್ಲದ ಅಕ್ಕಿಯ ರಫ್ತನ್ನು ನಿಷೇಧಿಸಿತು. ಬಾಸ್ಮತಿ ಹಬ್ಬದ ಅನ್ನ. ನಮ್ಮವರಿಗೆ ದಿನಾಲೂ ಬೇಕಾದದ್ದು ಕುಚ್ಚಲಕ್ಕಿ ಮತ್ತು ಅದರ ಗಂಜಿ. ತನ್ನ ಊರಿನ ಅಕ್ಕಿ ತನ್ನ ದೇಶದ ಅಪ್ಪಣೆಯಿಂದಲೇ ತುಟ್ಟಿಯಾದುದನ್ನು ಪರದೇಶದಲ್ಲಿದ್ದವನು ಯಾರಲ್ಲಿ ಹೇಳಿಕೊಳ್ಳಬೇಕು?

ಇಷ್ಟೆಲ್ಲ ನಡೆದಾಗಲೂ ಪೆಪ್ಸಿಯ ಡಬ್ಬಿ ಒಂದು ದಿರ್ಹಮಿನಲ್ಲಿಯೇ ಇತ್ತು. ಹೊರಗಿನಿಂದ ನೋಡಿದವರು ‘ಅಲ್ಲಿ ಏನೂ ತುಟ್ಟಿಯಿಲ್ಲ’ ಎನ್ನಲು ಅದನ್ನೇ ಸಾಕ್ಷಿಯಾಗಿ ತೋರಿಸಬಹುದಿತ್ತು. ಕೊನೆಗೆ 2010ರಲ್ಲಿ ಸೌದಿಯಲ್ಲಿ ಅದು ಒಂದೂವರೆ ರಿಯಾಲ್ ಆಯಿತು. 2011ರ ಜನವರಿಯಲ್ಲಿ ಎಮಿರೇಟುಗಳಲ್ಲಿ ಒಂದೂವರೆ ದಿರ್ಹಮ್. ಅರ್ಧ ದಿರ್ಹಮ್ ದೊಡ್ಡ ಹಣವಲ್ಲ. ಆದರೆ ಪತ್ರಿಕೆಗಳಲ್ಲಿ ಅದು ಎಂತಹ ಸುದ್ದಿಯಾಯಿತೆಂದರೆ, ಬಾಡಿಗೆ ದುಪ್ಪಟ್ಟಾದಾಗಲೂ ಜನರು ಅಷ್ಟು ಆಶ್ಚರ್ಯಪಟ್ಟಿರಲಿಲ್ಲ.

ಮುಂದಿನ ಏರಿಕೆ ವ್ಯಾಪಾರಿಗಳಿಂದ ಬರಲಿಲ್ಲ, ಸರಕಾರಗಳಿಂದ ಬಂದಿತು. 2014ರ ನಂತರ ಎಣ್ಣೆಯ ಬೆಲೆ ಕುಸಿದು ಬೊಕ್ಕಸಗಳು ಬರಿದಾಗತೊಡಗಿದಾಗ, ತೆರಿಗೆಯಿಲ್ಲದ ನಾಡೆಂಬ ಹೆಸರು ಮೆಲ್ಲಮೆಲ್ಲನೆ ಅಳಿಯಿತು. ಸಕ್ಕರೆಯ ಪಾನೀಯದಿಂದ ಆರೋಗ್ಯಕ್ಕೆ ಹಾನಿ ಎಂಬ ಕಾರಣ ಕೊಟ್ಟು 2017ರ ಜೂನಿನಲ್ಲಿ ಸೌದಿಯೂ ಅಕ್ಟೋಬರ್ 1ರಿಂದ ಎಮಿರೇಟುಗಳೂ ತಂಪು ಪಾನೀಯಗಳ ಮೇಲೆ ಶೇಕಡಾ 50, ಶಕ್ತಿಪಾನೀಯಗಳ ಮೇಲೆ ಶೇಕಡಾ 100 ಸುಂಕ ಹೇರಿದವು. ಒಂದೂವರೆ ದಿರ್ಹಮಿನ ಡಬ್ಬಿ ಎರಡೂಕಾಲು ಆಯಿತು. ಬಹರೈನ್ ಆ ವರ್ಷದ ಕೊನೆಯಲ್ಲಿ, ಕತಾರ್ ಮತ್ತು ಒಮಾನ್ 2019ರಲ್ಲಿ ಅದೇ ದಾರಿ ಹಿಡಿದವು. 2018ರ ಜನವರಿ 1ರಿಂದ ಸೌದಿ ಮತ್ತು ಎಮಿರೇಟುಗಳಲ್ಲಿ ಶೇಕಡಾ 5ರ ಮೌಲ್ಯವರ್ಧಿತ ತೆರಿಗೆ ಬಂದಿತು. ಸೌದಿಯಲ್ಲಿ 2020ರ ಜುಲೈಯಲ್ಲಿ ಅದನ್ನು 15ಕ್ಕೆ ಏರಿಸಲಾಯಿತು. ಆರೋಗ್ಯದ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಗಲ್ಫಿನಿಂದ ಮರಳಿದವರಲ್ಲಿ ಸಕ್ಕರೆ ಕಾಯಿಲೆ ಎಷ್ಟು ಸಾಮಾನ್ಯವೆಂಬುದು ನಮ್ಮ ಮನೆಮನೆಗಳಿಗೆ ತಿಳಿದ ವಿಷಯ.

ಸೌದಿಯಲ್ಲಿ ಸಂಸಾರ ಹೂಡಿದ್ದವರಿಗೆ ಇದಕ್ಕಿಂತ ಕಠಿಣವಾದದ್ದು 2017ರ ಜುಲೈಯಲ್ಲಿ ಬಂದ ಅವಲಂಬಿತರ ತಲೆಗಂದಾಯ. ಹೆಂಡತಿ ಮಕ್ಕಳು ಪ್ರತಿಯೊಬ್ಬರಿಗೂ ತಿಂಗಳಿಗೆ 100 ರಿಯಾಲ್. ವರ್ಷವರ್ಷವೂ ನೂರರಂತೆ ಏರಿ 2020ರ ಹೊತ್ತಿಗೆ 400. ಹೆಂಡತಿ ಮತ್ತು ಇಬ್ಬರು ಮಕ್ಕಳಿದ್ದವನು ತಿಂಗಳಿಗೆ 1,200 ರಿಯಾಲನ್ನು, ಅವರು ತನ್ನೊಡನೆ ಇರುವರೆಂಬ ಒಂದೇ ಕಾರಣಕ್ಕೆ, ಕೊಡಬೇಕಾಯಿತು. ಅನೇಕರು ಮನೆಯವರನ್ನು ಊರಿಗೆ ಕಳುಹಿಸಿ ಮತ್ತೆ ಬೆಡ್ ಸ್ಪೇಸಿಗೆ ಮರಳಿದರು. ಶಾಲೆಯ ನಡುವರ್ಷದಲ್ಲಿ ನಮ್ಮ ಊರುಗಳ ತರಗತಿಗಳಿಗೆ ಬಂದು ಸೇರಿದ, ಕನ್ನಡ ಅಕ್ಷರ ಬಾರದ ಮಕ್ಕಳನ್ನು ಶಿಕ್ಷಕಿಯರು ನೆನಪಿಟ್ಟುಕೊಂಡಿರಬಹುದು. ಎಮಿರೇಟುಗಳಲ್ಲಿಯೂ 4,000 ದಿರ್ಹಮ್ ಸಂಬಳ, ಅಥವಾ 3,000 ಮತ್ತು ವಸತಿ ಇಲ್ಲದವನು ಬಹುಕಾಲ ಸಂಸಾರವನ್ನು ಕರೆತರುವಂತಿರಲಿಲ್ಲ. ಚಹಾದ ಲೋಟದ ಮೇಲೆ ಎಷ್ಟು ಉಳಿಸಿದರೂ ಈ ಗೆರೆಯನ್ನು ದಾಟಲಾಗದು. ದಿನಕ್ಕೆ ಎರಡು ಲೋಟ ಬಿಟ್ಟವನ ವರ್ಷದ ಉಳಿತಾಯ 730 ದಿರ್ಹಮ್.

ಇಂತಹ ಜೀವನದಲ್ಲಿ ವಾರಕ್ಕೊಮ್ಮೆ ಗುಣಾಕಾರವನ್ನು ಮರೆಯಲು ಒಂದು ಸ್ಥಳವಿತ್ತು. ಬಹರೈನಿನ ಮನಾಮದಲ್ಲಿ ಯೇಸುವಿನ ಪವಿತ್ರ ಹೃದಯದ ಇಗರ್ಜಿ 1940ರ ಹೊತ್ತಿಗೆ, ಅಬುಧಾಬಿಯ ಸಂತ ಜೋಸೆಫರದು 1965ರಲ್ಲಿ, ದುಬೈಯ ಸಂತ ಮರಿಯಮ್ಮನವರದು 1967ರಲ್ಲಿ ನಿರ್ಮಾಣವಾದವು. ಕೊಂಕಣಿಯೂ ಸೇರಿ ಹಲವು ಭಾಷೆಗಳಲ್ಲಿ ಬಲಿಪೂಜೆ ನಡೆಯುವ ಈ ಅಂಗಳಗಳು ಶುಕ್ರವಾರ ಊರಿನ ಜಾತ್ರೆಯಂತೆ ತುಂಬುತ್ತಿದ್ದವು. 2022ರ ಜನವರಿಯಿಂದ ಎಮಿರೇಟುಗಳಲ್ಲಿ ವಾರದ ರಜೆ ಶನಿವಾರ ಭಾನುವಾರಗಳಿಗೆ ಬದಲಾಯಿತು. ಪೂಜೆಯ ಬಳಿಕ ಹೊರಗೆ ನಿಂತು ಒಬ್ಬನು ನಾಲ್ವರಿಗೆ ಚಹಾ ಕೊಡಿಸಿದರೆ ಆ ನಾಲ್ಕು ದಿರ್ಹಮನ್ನು ಯಾರೂ ಗುಣಿಸುತ್ತಿರಲಿಲ್ಲ. ಊರಿನ ಇಗರ್ಜಿಗೆ ಹೊಸ ಹೆಂಚು ಬೇಕು, ಗಂಟೆ ಬಿರುಕು ಬಿಟ್ಟಿದೆ ಎಂಬ ಪತ್ರಗಳನ್ನು ಓದಿದ್ದೂ, ಚೀಟಿಯಲ್ಲಿ ಹೆಸರು ಬರೆದು ಹಣ ಎತ್ತಿದ್ದೂ ಬಹುಮಟ್ಟಿಗೆ ಅಂತಹ ಚಹಾದ ಸುತ್ತಲೇ.

ಅಲ್ಲಿ ದುಡಿದವನಿಗೆ ಪಿಂಚಣಿಯಿಲ್ಲ. ಕೆಲಸ ಬಿಡುವಾಗ ದೊರೆಯುವ ಸೇವಾಂತ್ಯದ ಇಡಿಗಂಟು ಮಾತ್ರ ಉಂಟು. ಎಮಿರೇಟುಗಳ 1980ರ ಕಾರ್ಮಿಕ ಕಾನೂನಿನಲ್ಲಿಯೂ 2022ರಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲಿಯೂ ಮೊದಲ ಐದು ವರ್ಷಗಳಿಗೆ ತಲಾ 21 ದಿನಗಳ, ಆಮೇಲಿನ ವರ್ಷಗಳಿಗೆ ತಲಾ 30 ದಿನಗಳ ಮೂಲವೇತನವೆಂದು ನಿಗದಿಯಾಗಿದೆ. ಭತ್ತೆಗಳು ಲೆಕ್ಕಕ್ಕೆ ಬರುವುದಿಲ್ಲ. ಆದುದರಿಂದಲೇ ಮೂಲವೇತನವನ್ನು ಕಿರಿದಾಗಿಟ್ಟು ಭತ್ತೆಯನ್ನು ಹಿರಿದಾಗಿಸುವ ಯಜಮಾನರು ಬಹಳ. 1,000 ದಿರ್ಹಮ್ ಮೂಲವೇತನದಲ್ಲಿ ಇಪ್ಪತ್ತು ವರ್ಷ ದುಡಿದವನಿಗೆ ದೊರೆಯುವುದು 18,500 ದಿರ್ಹಮ್. 2008ರ ಆರಂಭದಲ್ಲಿ ಊರಿಗೆ ಮರಳಿದವನ ಕೈಗೆ ಅದು ಎರಡು ಲಕ್ಷ ರೂಪಾಯಿಗೂ ತುಸು ಕಡಿಮೆ. ದಿರ್ಹಮಿಗೆ 22 ರೂಪಾಯಿ ದಾಟಿದ 2022ರ ಕೊನೆಯಲ್ಲಿ ಮರಳಿದವನಿಗೆ ನಾಲ್ಕು ಲಕ್ಷಕ್ಕೂ ಮೇಲೆ. ಇಬ್ಬರ ದುಡಿಮೆಯಲ್ಲಿ ವ್ಯತ್ಯಾಸವಿರಲಿಲ್ಲ. ವಿಮಾನ ಹತ್ತಿದ ವರ್ಷ ಬೇರೆಯಾಗಿತ್ತು. ಮೊದಲನೆಯವನು ನಮ್ಮ ನಡುವೆಯೇ ಇದ್ದಾನೆ. ಹಬ್ಬದ ವಂತಿಗೆಯ ಪುಸ್ತಕ ಹಿಡಿದು ಮನೆಮನೆಗೆ ಹೋಗುವ ನಮ್ಮ ಸಮಿತಿಯವರು ‘ಗಲ್ಫಿನಲ್ಲಿದ್ದವರು’ ಎಂದು ಅವನ ಹೆಸರಿನ ಮುಂದೆ ಹೆಚ್ಚಿನ ಮೊತ್ತವನ್ನು ಬರೆಯುವ ಮುನ್ನ ಈ ಲೆಕ್ಕವನ್ನೊಮ್ಮೆ ನೋಡಬೇಕೆಂದು ನಮ್ಮ ಬಿನ್ನಹ.

ಇನ್ನು ಚಹಾದ ವಿಷಯ. ಈಚಿನ ವರ್ಷಗಳಲ್ಲಿ ಹಾಲಿನ ಡಬ್ಬಿ, ಕಾಗದದ ಲೋಟ, ಬಾಡಿಗೆ ಇವುಗಳ ಹೊರೆ ತಾಳಲಾರದೆ ಎಷ್ಟೋ ಕೆಫೆಟೇರಿಯಗಳು ಒಂದೂವರೆ ದಿರ್ಹಮ್, ಕೆಲವು ಎರಡು ದಿರ್ಹಮ್ ಕೇಳತೊಡಗಿವೆ. ದೊಡ್ಡ ಅಂಗಡಿಮಳಿಗೆಗಳಲ್ಲಿ ಅದೇ ಕರಕ್, ಕೇಸರಿ ಉದುರಿಸಿಕೊಂಡು, ಹತ್ತು ಪಟ್ಟು ಬೆಲೆಗೂ ಮಾರಾಟವಾಗುತ್ತದೆ. ಕಾರ್ಮಿಕರ ಬಿಡಾರಗಳ ಸಮೀಪದ ಅಂಗಡಿಗಳಲ್ಲಿ ಒಂದು ದಿರ್ಹಮಿನ ಲೋಟ ಇನ್ನೂ ಇದೆ. ಗಾತ್ರದಲ್ಲಿ ಮೊದಲಿಗಿಂತ ಚಿಕ್ಕದು.